ಸೇತುವೆ ಕೆಳಗೆ ಕನ್ನಡ ಎಲ್ಲಿ?



ಒಂದಾನೊಂದು ಕಾಲದಲ್ಲಿ ನಮ್ಮೆಲ್ಲರ ಇನ್‌ಬಾಕ್ಸಿಗೂ ಕನಿಷ್ಠ ಮೂರು ಸಲ ಫಾರ್ವರ್ಡ್ ಆಗಿ ಬಂದಿದ್ದ ಕತೆಯೊಂದಿದೆ. ಲಾರಿಯೊಂದು ತಗ್ಗು ಸೇತುವೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ದೊಡ್ಡ ದೊಡ್ಡ ಇಂಜಿನಿಯರುಗಳು ಬರುತ್ತಾರೆ. ಒಬ್ಬ ಸೇತುವೆ ಒಡೆಯಬೇಕು ಅನ್ನುತ್ತಾನೆ, ಇನ್ನೊಬ್ಬ ಲಾರಿಯ ತಲೆ ಕತ್ತರಿಸಬೇಕು ಅನ್ನುತ್ತಾನೆ. ಅಷ್ಟರಲ್ಲಿ ಅಲ್ಲೇ ನಿಂತಿದ್ದ ಪುಟ್ಟ ಹುಡುಗನೊಬ್ಬ "ಟೈರಿನ ಗಾಳಿ ಬಿಡಿ ಅಂಕಲ್" ಅನ್ನುತ್ತಾನೆ. ಎಲ್ಲರೂ ಚಪ್ಪಾಳೆ. ನನ್ನ ಮೊದಲ ಕಂಪನಿಯ ಟ್ರೈನಿಂಗಿನಲ್ಲೂ ಇದೇ ಕತೆ ಹೇಳಿ, ಹೊಸ ಬಗೆಯಲ್ಲಿ ಯೋಚಿಸುವುದು ಹೇಗೆ ಎಂದು ಎರಡು ಗಂಟೆ ಕೊರೆದಿದ್ದರು.

ಆ ಕತೆಯಲ್ಲಿ ಲಾರಿ ಇದೆ, ಸೇತುವೆ ಇದೆ, ಇಂಜಿನಿಯರ್ ಇದ್ದಾನೆ, ಬುದ್ಧಿವಂತ ಹುಡುಗ ಇದ್ದಾನೆ. ಡ್ರೈವರ್ ಎಲ್ಲಿ ಸ್ವಾಮಿ? ಆತ ಆ ಸೇತುವೆಯ ಕೆಳಗೆ ಬಂದದ್ದಾದರೂ ಯಾಕೆ? ಅಲ್ಲೊಂದು ಬೋರ್ಡ್ ಇತ್ತೋ ಇಲ್ಲವೋ, ಇದ್ದರೆ ಯಾವ ಭಾಷೆಯಲ್ಲಿತ್ತು? ನಾನೂ ಆಗ ಕೇಳಲಿಲ್ಲ ಬಿಡಿ. ಎಲ್ಲರ ಜೊತೆ ಚಪ್ಪಾಳೆ ಹೊಡೆದು ಸಮೋಸ ತಿಂದು ಬಂದೆ.

ಈ ಪ್ರಶ್ನೆ ತಲೆಗೆ ಹತ್ತಿದ್ದು 2024ರ ಜನವರಿಯಲ್ಲಿ, ರಜೆಗೆ ಊರಿಗೆ ಹೋದಾಗ. ಮೈಸೂರಿನ ರೈಲು ಹಿಡಿಯಲು ಬೆಳಗಿನ ಜಾವ ಐದೂಕಾಲಿಗೆ ಮನೆ ಬಿಟ್ಟು ಆಟೋದಲ್ಲಿ ಮೆಜೆಸ್ಟಿಕ್ ಕಡೆ ಹೊರಟಿದ್ದೆ. ದಾರಿಯಲ್ಲೊಂದು ರೈಲ್ವೆ ಕೆಳಸೇತುವೆ. ಯಾವುದು ಅಂತ ಹೆಸರು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಬೆಳೆದವರು ಓದುತ್ತಾ ಓದುತ್ತಾ ತಮ್ಮ ತಮ್ಮ ಬಡಾವಣೆಯ ಸೇತುವೆಯನ್ನೇ ಅಲ್ಲಿಟ್ಟು ನೋಡಿಕೊಂಡರೂ ತಪ್ಪಾಗುವುದಿಲ್ಲ. ಆಟೋ ನಿಂತಿತು. ಮುಂದೆ ಏಳೆಂಟು ಗಾಡಿ, ಅದರಾಚೆ ಒಂದು ಲಾರಿಯ ಹಿಂಭಾಗ. ಆಟೋದವರು ಎಂಜಿನ್ ಆಫ್ ಮಾಡಿ, "ಸಿಕ್ಕಾಕ್ಕೊಂಡ ಸಾರ್, ಇನ್ನ ಒಂದ್ ಗಂಟೆ ಗ್ಯಾರಂಟಿ" ಅಂದರು. ಅಷ್ಟರಲ್ಲಿ ನನಗೆ ಸೀನು ಬಂತು. ಆಟೋದವರಿಗೂ ಬಂತು. ಪಕ್ಕದ ಬೈಕಿನವರಿಗೂ ಬಂತು. ಇಡೀ ರಸ್ತೆ ಸೀನುತ್ತಿತ್ತು!

ಲಾರಿಯ ತುಂಬ ಒಣಮೆಣಸಿನಕಾಯಿ. ಬ್ಯಾಡಗಿ ಕಡೆಯಿಂದ ಬಂದದ್ದು. ಮೆಣಸಿನಕಾಯಿ ಹಗುರ, ತೂಕ ಬರಬೇಕಾದರೆ ಎತ್ತರಕ್ಕೆ ಹೇರಲೇಬೇಕು. ಸೇತುವೆಯ ಗರ್ಡರ್ ಮೇಲಿನ ಸಾಲಿನ ಎರಡು ಚೀಲ ಹರಿದು ಹಾಕಿತ್ತು. ನಡೆದು ಮುಂದೆ ಹೋದೆ. ಕ್ಲೀನರ್ ಹುಡುಗ ಹದಿನೆಂಟು ಹತ್ತೊಂಬತ್ತರವನು, ಆಗಲೇ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಗಾಳಿ ಬಿಡುತ್ತಿದ್ದ. ಅವನಿಗೆ ಯಾರೂ ಟ್ರೈನಿಂಗ್ ಕೊಟ್ಟಿರಲಿಲ್ಲ, ಚಪ್ಪಾಳೆಯನ್ನೂ ಹೊಡೆಯಲಿಲ್ಲ. ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಿದ್ದರು, ಅಷ್ಟೆ.

ಡ್ರೈವರ್ ಐವತ್ತರ ಆಸುಪಾಸಿನವರು, ಹಾವೇರಿ ಜಿಲ್ಲೆಯವರು. ತಲೆಗೆ ಟವೆಲ್ ಸುತ್ತಿಕೊಂಡು ಹಗ್ಗ ಸಡಿಲಿಸುತ್ತಿದ್ದರು. ಸಹಾಯ ಮಾಡುವ ಬದಲು ನಾನು ಕೇಳಿದ್ದು ಏನು ಗೊತ್ತೆ? "ಬೋರ್ಡ್ ನೋಡ್ಲಿಲ್ವಾ ಯಜಮಾನ್ರೇ?"

"ನೋಡೀನ್ರಿ ಸರ. ಏನೋ ಇಂಗ್ಲಿಷ್‌ನ್ಯಾಗ ಬರದೈತಿ. ಕಂಪನಿ ಬೋರ್ಡೋ, ಅಂಗಡಿ ಬೋರ್ಡೋ, ಯಾರಿಗ್ ಗೊತ್ತ್ರಿ? ಕನ್ನಡ ಓದಾಕ ಬರತೈತಿ ನನಗ. ಏಳನೇತ್ತ ತನಕ ಸಾಲಿ ಕಲ್ತೀನಿ."

"ಮೂರು ಪಾಯಿಂಟ್ ಆರು ಅಂತ ಅಂಕಿ ಇದೆಯಲ್ಲ?"

"ಅದು ಮೀಟರ್ ಲೆಕ್ಕ ಅಲ್ರಿ? ನಮ್ಮ ಗಾಡಿ ಅಡಿ ಲೆಕ್ಕದಾಗ ಐತಿ. ಬಾಡಿ ಕಟ್ಟಿಸಿದಾಗಿಂದ ಹನ್ನೆರಡೂವರಿ ಅಡಿ ಅಂತ ನನಗ ಗೊತ್ತೈತಿ. ಇಲ್ಲಿ ಕತ್ತಲದಾಗ ನಿಂತು ಮೀಟರ್ ಗುಣಾಕಾರ ಮಾಡ್ಲೇನ್ರಿ?"

ನಾನು ಇಂಜಿನಿಯರಿಂಗ್ ಓದಿದವನು. 3.6 ಮೀಟರ್ ಎಂದರೆ ಎಷ್ಟು ಅಡಿ ಎಂದು ಆ ಕ್ಷಣಕ್ಕೆ ನನಗೂ ಹೊಳೆಯಲಿಲ್ಲ. ಫೋನ್ ತೆಗೆದು ಲೆಕ್ಕ ಹಾಕಿದೆ. 11 ಅಡಿ 9 ಇಂಚಿಗೆ ಒಂದು ಚೂರು ಹೆಚ್ಚು. ಅಂದರೆ ಮೇಲಿನ ಸಾಲಿನ ಚೀಲ ಇಲ್ಲದಿದ್ದರೂ ಆ ಲಾರಿ ಅಲ್ಲಿ ಹಾಯುತ್ತಿರಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸರಕು ಲಾರಿಗೆ ಮೊದಲು 3.8 ಮೀಟರ್ ಎತ್ತರದವರೆಗೆ ಅವಕಾಶವಿತ್ತು, 2020ರಲ್ಲಿ ಅದನ್ನು 4 ಮೀಟರಿಗೆ ಏರಿಸಿದರು. ಕಾನೂನಿಗೆ ಸರಿಯಾಗಿರುವ ಲಾರಿಯೇ ಈ ಸೇತುವೆಗೆ ಹೆಚ್ಚು. ಹೀಗಿರುವಾಗ ಬೋರ್ಡಿನ ಮೇಲೆ ಎಷ್ಟು ಜವಾಬ್ದಾರಿ ಇದೆ ನೋಡಿ.

ಬೋರ್ಡಿನ ಹತ್ತಿರ ಹೋಗಿ ನೋಡಿದೆ. ಸೇತುವೆಗಿಂತ ಹದಿನೈದು ಹೆಜ್ಜೆ ಈಚೆಗೆ ಒಂದು ಕಂಬಕ್ಕೆ ಕಟ್ಟಿದ್ದರು. ಭಾರಿ ವಾಹನಗಳು ಬದಲಿ ರಸ್ತೆ ಬಳಸಬೇಕು ಎಂದು ಇಂಗ್ಲಿಷಿನಲ್ಲಿ, ಬರೀ ಇಂಗ್ಲಿಷಿನಲ್ಲಿ. ಯಾವ ಬದಲಿ ರಸ್ತೆ ಎಂದು ಯಾವ ಭಾಷೆಯಲ್ಲೂ ಇಲ್ಲ. ಅದರ ಕೆಳಗಿನ ಅರ್ಧಕ್ಕೆ ಅಡ್ಡವಾಗಿ ಒಂದು ಫ್ಲೆಕ್ಸ್, ಬಡಾವಣೆಯ ಯಾರೋ ನಾಯಕರಿಗೆ ಹುಟ್ಟುಹಬ್ಬದ ಶುಭಾಶಯ. ಆ ಫ್ಲೆಕ್ಸ್ ಮಾತ್ರ ಅಚ್ಚ ಕನ್ನಡದಲ್ಲಿ, ಅರ್ಧ ಅಡಿ ಎತ್ತರದ ಅಕ್ಷರಗಳಲ್ಲಿ ಇತ್ತು. ನಾಯಕರಿಗೆ ಹಾರೈಸಲು ಕನ್ನಡ ಬೇಕು, ಡ್ರೈವರಿಗೆ ಅಪಾಯ ಹೇಳಲು ಇಂಗ್ಲಿಷ್ ಸಾಕು!

ಆ ವಾರ ಬೆಂಗಳೂರು ಹೇಗಿತ್ತು ಎಂದು ನಿಮಗೆಲ್ಲ ನೆನಪಿರಬೇಕು. 2023ರ ಡಿಸೆಂಬರ್ 27ರಂದು ನಾಮಫಲಕ ಹೋರಾಟ ಬೀದಿಗೆ ಬಂದಿತ್ತು. ಮಾಲ್‌ಗಳ ಮುಂದೆ ಇಂಗ್ಲಿಷ್ ಬೋರ್ಡಿಗೆ ಬಟ್ಟೆ ಮುಚ್ಚಿದ್ದರು. ಅಂಗಡಿಗಳಲ್ಲಿ ಶೇಕಡ 60ರಷ್ಟು ಕನ್ನಡ ಎಂದು ಆಮೇಲೆ 2024ರ ಫೆಬ್ರವರಿಯಲ್ಲಿ ವಿಧಾನಮಂಡಲ ತಿದ್ದುಪಡಿಯನ್ನೂ ಒಪ್ಪಿತು. ನಾನು ಆ ಹೋರಾಟದ ಪರ. ಇಲ್ಲಿ ಕೂತೇ ಎಷ್ಟು ಪತ್ರ ಬರೆದೆ ಅನ್ನುವುದು ನನ್ನ ಹೆಂಡತಿಗೆ ಗೊತ್ತು. ಆದರೆ ಆ ಬೆಳಗ್ಗೆ ಮೂಗಿಗೆ ಕರ್ಚೀಫ್ ಒತ್ತಿಕೊಂಡು ನಿಂತಾಗ ನನಗೆ ನಾಚಿಕೆಯಾಯಿತು. ಕಾಫಿ ಅಂಗಡಿಯ ಹೆಸರು ಇಂಗ್ಲಿಷಿನಲ್ಲಿದ್ದರೆ ಯಾರಿಗೂ ಮೈಕೈ ನೋಯುವುದಿಲ್ಲ. ಹೆಸರು ಓದಲಾಗದವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಈ ಬೋರ್ಡ್ ಓದಲಾಗದವನು ರೈಲು ಹೋಗುವ ಗರ್ಡರಿಗೆ ಗುದ್ದುತ್ತಾನೆ. ನಾವು ಮೊದಲು ಕೇಳಬೇಕಾಗಿದ್ದು ಯಾವ ಬೋರ್ಡನ್ನು?

ಡ್ರೈವರಿನ ನಷ್ಟವನ್ನೂ ಲೆಕ್ಕ ಹಾಕಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಮಿತಿ ಮೀರಿ ಎತ್ತರಕ್ಕೆ ಅಥವಾ ಅಗಲಕ್ಕೆ ಸರಕು ಹೇರಿದರೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಸರಕು ಇಳಿಸುವ ಖರ್ಚು. "ಒಂದ್ ಸಾಲ ಜಾಸ್ತಿ ಹೇರ್ಯಾರ್ರಿ ಮಾಲಕ್ರು, ಕೇಳಾಕ ನಾನ್ಯಾರು" ಅಂದರು ಆ ಮನುಷ್ಯ. ಪೊಲೀಸಿನವರು ಬಂದಾಗ ಕೈ ಮುಗಿದು ನಿಂತವರು ಅವರು, ಮಾಲೀಕರಲ್ಲ. ಬೋರ್ಡ್ ಬರೆಸಿದವರಂತೂ ಅಲ್ಲವೇ ಅಲ್ಲ. ನಾನು ಸೂಟ್‌ಕೇಸ್ ಹಿಡಿದು ಸೇತುವೆ ಕೆಳಗೆ ನಡೆದು ಆಚೆ ಬದಿಯಲ್ಲಿ ಇನ್ನೊಂದು ಆಟೋ ಹಿಡಿದೆ. ರೈಲು ಸಿಕ್ಕಿತು. ಮಂಡ್ಯದವರೆಗೂ ಸೀನುತ್ತಲೇ ಇದ್ದೆ.

ಈಗ ನಾನಿರುವ ಊರಿನ ಮಾತಿಗೆ ಬರುತ್ತೇನೆ. "ಇಲ್ಲೆಲ್ಲ ಎಷ್ಟು ಶಿಸ್ತು, ನಮ್ಮಲ್ಲಿ ಯಾಕಿಲ್ಲ" ಎಂಬ ಪುರಾಣ ಹೇಳಲು ಅಲ್ಲ. ಇಂಗ್ಲೆಂಡಿನಲ್ಲಿ ಶಿಸ್ತು ಇರಬಹುದು, ಆದರೆ ಇಲ್ಲಿನ ಲಾರಿಗಳೂ ಸೇತುವೆಗೆ ಗುದ್ದುತ್ತವೆ, ಧಾರಾಳವಾಗಿ ಗುದ್ದುತ್ತವೆ. ಬ್ರಿಟನ್ನಿನ ರೈಲ್ವೆ ಸೇತುವೆಗಳಿಗೆ ವರ್ಷಕ್ಕೆ 1,500ಕ್ಕೂ ಹೆಚ್ಚು ಸಲ ವಾಹನ ಬಡಿಯುತ್ತದೆ. ದಿನಕ್ಕೆ ನಾಲ್ಕೈದು ಅನ್ನಿ. ನಾನು ಕೇಂಬ್ರಿಡ್ಜ್ ಕಡೆ ರೈಲಿನಲ್ಲಿ ಓಡಾಡುವವನು. "ಸೇತುವೆಗೆ ಲಾರಿ ಬಡಿದಿರುವುದರಿಂದ ರೈಲು ತಡವಾಗಿದೆ" ಎಂಬ ಘೋಷಣೆ ನನಗೆ ಹೊಸದಲ್ಲ. ಹತ್ತಿರದ ಈಲೀ ಎಂಬ ಪುಟ್ಟ ಊರಿನ ಸ್ಟೇಷನ್ ಪಕ್ಕದಲ್ಲೇ ಸ್ಟಂಟ್ನಿ ರಸ್ತೆಯ ಸೇತುವೆ ಇದೆ. ಎತ್ತರ 9 ಅಡಿ, ಅಂದರೆ 2.7 ಮೀಟರ್. ಅತಿ ಹೆಚ್ಚು ಪೆಟ್ಟು ತಿಂದ ಸೇತುವೆಗಳ ಪಟ್ಟಿಯಲ್ಲಿ ಅದರ ಹೆಸರು ಮತ್ತೆ ಮತ್ತೆ ಬರುತ್ತದೆ. 2018ರಲ್ಲಿ ಬೈಪಾಸ್ ರಸ್ತೆ ಕಟ್ಟಿ ಮುಗಿಸಿದ ಮೇಲೂ ವ್ಯಾನುಗಳು ಬಂದು ಬಡಿಯುವುದು ನಿಂತಿಲ್ಲ. ಸೇತುವೆಗೆ ಪೆಟ್ಟು ಬಿದ್ದ ಸುದ್ದಿ ಬಂದರೆ ಹಳಿ ಸರಿದಿಲ್ಲ ಎಂದು ಖಾತ್ರಿಯಾಗುವವರೆಗೆ ರೈಲು ನಿಲ್ಲಿಸುತ್ತಾರೆ, ಇಲ್ಲವೇ ನಿಧಾನಕ್ಕೆ ಬಿಡುತ್ತಾರೆ. ಸೇತುವೆಯ ಮೈಮೇಲೆ ಅದರ ನಂಬರೂ ಫೋನ್ ನಂಬರೂ ಇರುವ ಒಂದು ಫಲಕ ಇರುತ್ತದೆ. ಗಾಡಿ ಬಡಿದರೆ ಈ ನಂಬರಿಗೆ ಫೋನ್ ಮಾಡಿ ಈ ಸೇತುವೆ ಎಂದು ಹೇಳಿ, ಇಷ್ಟೇ. ನಮ್ಮ ಬೆಂಗಳೂರಿನ ಸೇತುವೆಯಲ್ಲಿ ನಾನು ಹುಡುಕಿದೆ. ನನಗೆ ಸಿಕ್ಕಿದ ಫೋನ್ ನಂಬರು ಬೋರ್‌ವೆಲ್ ಕೊರೆಯುವವರದು.

ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಬ್ರಿಟನ್ನಿನಲ್ಲಿ ರಸ್ತೆಯ ಅಳತೆಗಳೆಲ್ಲ ಇನ್ನೂ ಮೈಲಿ, ಗಜ, ಅಡಿ. ಅದು ಇವರ ಸ್ವಾಭಿಮಾನದ ವಿಷಯ, ನಮಗೆ ಭಾಷೆ ಇದ್ದ ಹಾಗೆ. ಎಷ್ಟೋ ತಗ್ಗು ಸೇತುವೆಗಳ ಮೇಲೆ ಬಹುಕಾಲ ಅಡಿ-ಇಂಚು ಮಾತ್ರ ಬರೆದಿತ್ತು. ಯುರೋಪಿನಿಂದ ಬರುವ ಲಾರಿಗಳ ಡ್ರೈವರುಗಳು ಮೀಟರಿನವರು. ಅವರಿಗೆ ತಮ್ಮ ಗಾಡಿ 4 ಮೀಟರ್ ಎಂದು ಗೊತ್ತು, 12 ಅಡಿ 6 ಇಂಚು ಎಂದರೆ ಏನೆಂದು ಗೊತ್ತಿಲ್ಲ. ಒಟ್ಟು ಲಾರಿಗಳಲ್ಲಿ ಹೊರದೇಶದವು ಎಷ್ಟಿವೆಯೋ ಆ ಪಾಲಿಗಿಂತ ಹೆಚ್ಚಾಗಿ ಅವು ಸೇತುವೆಗೆ ಬಡಿಯುತ್ತಿದ್ದವು. ಕೊನೆಗೆ ಸರ್ಕಾರ 2015ರಲ್ಲಿ ನಿಯಮ ಬದಲಿಸಿ, ಎತ್ತರ ಮತ್ತು ಅಗಲದ ಹೊಸ ಬೋರ್ಡುಗಳಲ್ಲಿ ಅಡಿಯ ಜೊತೆ ಮೀಟರೂ ಇರಲೇಬೇಕು ಎಂದಿತು. ಪೋಲೆಂಡಿನ ಡ್ರೈವರ್ ಮೇಲಿನ ಮಮತೆಯಿಂದ ಮಾಡಿದ್ದಲ್ಲ. ತಮ್ಮ ಸೇತುವೆ ಉಳಿಯಲಿ, ತಮ್ಮ ರೈಲು ಓಡಲಿ ಎಂದು.

ನಮ್ಮಲ್ಲಿ ನೋಡಿ, ಇದೇ ಕತೆ ತಲೆಕೆಳಗು. ದೇಶ 1950-60ರ ದಶಕಗಳಲ್ಲೇ ಮೆಟ್ರಿಕ್‌ಗೆ ಹೋಯಿತು, ಬೋರ್ಡ್ ಮೀಟರಿನಲ್ಲಿದೆ. ಆದರೆ ಲಾರಿಯ ಜಗತ್ತು ಇಂದಿಗೂ ಅಡಿಯದೇ. ಹದಿನಾಲ್ಕು ಅಡಿ ಗಾಡಿ, ಇಪ್ಪತ್ತೆರಡು ಅಡಿ ಗಾಡಿ ಎಂದೇ ಬಾಡಿಗೆ ಮಾತಾಡುವುದು. ಬಾಡಿ ಕಟ್ಟುವ ಶೆಡ್ಡಿನಲ್ಲಿ, ಲೋಡಿಂಗ್ ಮಾಡುವ ಹಮಾಲರ ಬಾಯಲ್ಲಿ ಎಲ್ಲ ಅಡಿ. ಇದು ಯಾರ ಅಜ್ಞಾನವೂ ಅಲ್ಲ. ನಮ್ಮ ಸೈಟು 30-40 ಎನ್ನುವಾಗ ನೀವು ಮೀಟರಿಗೆ ಬದಲಾಯಿಸಿಕೊಂಡು ಯೋಚಿಸುತ್ತೀರಾ? ಹೀಗಾಗಿ ಹಾವೇರಿಯ ಆ ಡ್ರೈವರು ತಮ್ಮ ರಾಜ್ಯದ ರಾಜಧಾನಿಯಲ್ಲೇ ಎರಡು ಸಲ ಪರದೇಶಿಯಾದರು, ಒಂದು ಸಲ ಭಾಷೆಯಲ್ಲಿ, ಇನ್ನೊಂದು ಸಲ ಅಳತೆಯಲ್ಲಿ. ಹೊರದೇಶದ ಡ್ರೈವರಿಗಾಗಿ ಬ್ರಿಟಿಷರು ತಮ್ಮ ಬೋರ್ಡ್ ತಿದ್ದಿಕೊಂಡರು. ನಾವು ನಮ್ಮೂರಿನವರಿಗಾಗಿ ತಿದ್ದಬಾರದೆ?

ಇಲ್ಲಿಯವರೆಗೆ ತಲೆದೂಗಿದವರು ಇನ್ನು ಮುಂದೆ ನನ್ನ ಮೇಲೆ ಸಿಟ್ಟಾಗಬಹುದು. ಎತ್ತರದ ಅಂಕಿಯನ್ನು ಕನ್ನಡ ಅಂಕಿಯಲ್ಲಿ ಬರೆಯಬೇಕು ಎಂದು ನಮ್ಮಲ್ಲಿ ಕೆಲವು ಗೆಳೆಯರು ವಾದಿಸುತ್ತಾರೆ. ಕನ್ನಡ ಅಂಕಿ ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ, ಬಸ್ಸಿನ ಮೇಲೆ ಬರೆಯಿರಿ, ಮನೆ ನಂಬರಿಗೆ ಬರೆಯಿರಿ. ಆದರೆ ಲಾರಿಯ ನಂಬರ್ ಪ್ಲೇಟಿನಿಂದ ಹಿಡಿದು ಡೀಸೆಲ್ ಬಿಲ್ಲಿನವರೆಗೆ ಡ್ರೈವರ್ ದಿನವಿಡೀ ನೋಡುವ ಅಂಕಿ ಬೇರೆ. ನಲವತ್ತು ಕಿಲೋಮೀಟರ್ ವೇಗದಲ್ಲಿ ಬರುವವನಿಗೆ ಓದಲು ಸಿಗುವುದು ಎರಡು ಮೂರು ಸೆಕೆಂಡು. ಆ ಸೆಕೆಂಡುಗಳಲ್ಲಿ ಅವನಿಗೆ ಪಾಠ ಮಾಡಲು ಹೋಗಬಾರದು. ನಾಮಕ್ಕಲ್‌ನಿಂದ ಬರುವ ತಮಿಳು ಡ್ರೈವರ್ ಇದ್ದಾನೆ, ರಾಜಸ್ಥಾನದಿಂದ ಮಾರ್ಬಲ್ ತರುವವನಿದ್ದಾನೆ. ಗುಂಡು ಬೋರ್ಡಿನ ಒಳಗಿನ ಅಂಕಿ ಎಲ್ಲರಿಗೂ ತಿಳಿಯುವಂತಿರಲಿ.

"ಹಾಗಾದರೆ ಹಿಂದಿಯನ್ನೂ ಹಾಕೋಣ" ಅನ್ನುವವರು ಇದೇ ಬಾಗಿಲಿನಲ್ಲಿ ನುಗ್ಗುತ್ತಾರೆ, ಗೊತ್ತು. 2017ರಲ್ಲಿ ನಮ್ಮ ಮೆಟ್ರೋ ಬೋರ್ಡುಗಳ ವಿಷಯದಲ್ಲಿ ಇದೇ ವಾದ ಕೇಳಿದ್ದೇವೆ. ನಾಮಕ್ಕಲ್‌ನವನಿಗೆ ಹಿಂದಿ ಹಾಕಿ ಏನು ಉಪಯೋಗ? ಹೊರಗಿನವರಿಗೆಲ್ಲ ಆಗಿಬರುವುದು ಚಿತ್ರ ಮತ್ತು ಅಂಕಿ, ಅದನ್ನು ಕೊಡೋಣ. ಮಾತಿನಲ್ಲಿ ಹೇಳಬೇಕಾದ್ದು, ಅಂದರೆ "ಎಡಕ್ಕೆ ತಿರುಗಿ, ಇಂಥ ಸರ್ಕಲ್ ಮೂಲಕ ಹೋಗಿ" ಎಂಬುದು, ಈ ನಾಡಿನ ಭಾಷೆಯಲ್ಲಿ ಮೊದಲು ಇರಲಿ, ಕೆಳಗೆ ಇಂಗ್ಲಿಷ್ ಇರಲಿ. ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಒಂಟಿ ಇಂಗ್ಲಿಷ್ ಬೇಡ ಅನ್ನುತ್ತಿದ್ದೇನೆ. ವೃತ್ತಿ ಲೈಸೆನ್ಸಿಗೆ ಎಂಟನೇ ತರಗತಿ ಓದಿರಬೇಕು ಎಂಬ ಷರತ್ತನ್ನು ಕೇಂದ್ರ ಸರ್ಕಾರವೇ 2019ರಲ್ಲಿ ಕೈಬಿಟ್ಟಿತು. ಓದು ಕಡ್ಡಾಯವಲ್ಲ ಎಂದ ಮೇಲೆ ಬೋರ್ಡ್ ಸುಲಭವಾಗಬೇಕಲ್ಲವೆ? ಅದು ಇಂಗ್ಲಿಷಿನಲ್ಲೇ ಕೂತಿದೆ.

ಇನ್ನೊಂದು ಆಕ್ಷೇಪ ಅಮೆರಿಕದ ಗೆಳೆಯರೊಬ್ಬರದು, ಅದು ಗಟ್ಟಿಯಾದದ್ದು. ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ ಒಂದು ರೈಲ್ವೆ ಸೇತುವೆ ಇದೆ. ಲಾರಿಗಳ ಮೇಲ್ಛಾವಣಿಯನ್ನು ಡಬ್ಬದ ಮುಚ್ಚಳದ ಹಾಗೆ ಸುಲಿಯುವುದರಿಂದ ಅದಕ್ಕೆ "ಕ್ಯಾನ್ ಓಪನರ್" ಎಂದೇ ಅಡ್ಡಹೆಸರು. ಎತ್ತರ 11 ಅಡಿ 8 ಇಂಚು ಇತ್ತು. ಹಳದಿ ದೀಪ ಹಾಕಿದರು. 2016ರಲ್ಲಿ ಎತ್ತರದ ಗಾಡಿ ಬಂದರೆ ಸೆನ್ಸರ್ ಗುರುತಿಸಿ, ಸಿಗ್ನಲ್ ಕೆಂಪಾಗಿ, "ನಿಮ್ಮ ಗಾಡಿ ಎತ್ತರ, ತಿರುಗಲೇಬೇಕು" ಎಂದು ಬೋರ್ಡ್ ಹೊತ್ತಿಕೊಳ್ಳುವಂತೆ ಮಾಡಿದರು. ಆದರೂ ಬಡಿದವು. 2019ರಲ್ಲಿ ಸೇತುವೆಯನ್ನೇ 8 ಇಂಚು ಮೇಲಕ್ಕೆತ್ತಿದರು, ಆಮೇಲೂ ಬಡಿದವು. "ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ ಮಾರಾಯ, ಅಳತೆಯೂ ಅವರ ಅಡಿಯಲ್ಲೇ ಇದೆ, ನಿನ್ನ ಕನ್ನಡ ಬೋರ್ಡ್ ಏನು ಕಡಿಯುತ್ತದೆ?" ಎಂದು ಕೇಳಿದರು.

ಒಂದು ತಿಂಗಳು ಈ ಪ್ರಶ್ನೆ ನನ್ನನ್ನು ಕಾಡಿತು. ಡರ್ಹಮ್‌ನಲ್ಲಿ ಬಡಿಯುವವುಗಳಲ್ಲಿ ಬಹಳಷ್ಟು ಬಾಡಿಗೆ ಟ್ರಕ್ಕುಗಳು. ಮನೆ ಬದಲಾಯಿಸಲು ಒಂದು ದಿನದ ಮಟ್ಟಿಗೆ ಟ್ರಕ್ ಹಿಡಿದ ಕಾರು ಓಡಿಸುವ ಜನ. ಆ ಕೆಲಸ ನಮ್ಮಲ್ಲಿ ಎಷ್ಟು ಮಂದಿ ಮಾಡಿಲ್ಲ! ತಲೆಯ ಮೇಲೆ ಎಷ್ಟು ಎತ್ತರ ಇದೆ ಎಂಬ ಅರಿವೇ ಅವರಿಗೆ ಇರುವುದಿಲ್ಲ, ಬೋರ್ಡ್ ಏನು ಹೇಳಿದರೂ ಅದು ತಮಗೆ ಅನ್ನಿಸುವುದಿಲ್ಲ. ಬ್ಯಾಡಗಿಯ ಡ್ರೈವರಿಗೆ ತನ್ನ ಗಾಡಿಯ ಎತ್ತರ ಬಾಯಿಪಾಠ. ಅವನಿಗೆ ಗೊತ್ತಿರಲಿಲ್ಲವಾದದ್ದು ಸೇತುವೆಯ ಎತ್ತರ. ಮಾಹಿತಿ ಕೊಟ್ಟರೆ ಉಪಯೋಗಿಸಿಕೊಳ್ಳುವವನಿಗೆ ನಾವು ಮಾಹಿತಿ ಕೊಡುತ್ತಿಲ್ಲ. ಇಲ್ಲಿ ಬ್ರಿಟನ್ನಿನಲ್ಲಿ 3 ಮೀಟರಿಗಿಂತ ಎತ್ತರದ ಸರಕು ವಾಹನದ ಕ್ಯಾಬಿನ್ನಿನೊಳಗೆ, ಡ್ರೈವರಿಗೆ ಕಾಣುವಂತೆ, ಗಾಡಿಯ ಎತ್ತರ ಬರೆದಿರಲೇಬೇಕು ಎಂಬ ಕಾನೂನಿದೆ. ನಮ್ಮ ಲಾರಿಗಳ ಮೇಲೆ ನಿಂಬೆಹಣ್ಣಿನಿಂದ ಹಿಡಿದು ಅಪ್ಪಾಜಿಯ ಚಿತ್ರದವರೆಗೆ ಎಲ್ಲ ಇರುತ್ತದೆ, ಇದೊಂದನ್ನು ಬರೆಸಲು ಇನ್ನೂರು ರೂಪಾಯಿ ಬಣ್ಣ ಸಾಕು.

ಡರ್ಹಮ್ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಸೇತುವೆಯ ಬಾಯಲ್ಲೇ ಹೇಳಿದರೆ ತಡವಾಯಿತು. ನಮ್ಮ ಸೇತುವೆಗಳ ಮುಂದೆ ಹಳದಿ-ಕಪ್ಪು ಬಣ್ಣ ಬಳಿದ ಕಬ್ಬಿಣದ ಕಮಾನು ನಿಲ್ಲಿಸುತ್ತಾರಲ್ಲ, ಹೈಟ್ ಗೇಜ್, ಅದು ರೈಲ್ವೆ ಗರ್ಡರನ್ನು ಕಾಯುತ್ತದೆ. ಡ್ರೈವರನ್ನು ಕಾಯುವುದಿಲ್ಲ. ಅವನು ಗರ್ಡರಿಗೆ ಬದಲು ಕಮಾನಿಗೆ ಸಿಕ್ಕಿಕೊಳ್ಳುತ್ತಾನೆ, ಹಿಂದೆ ನೂರು ಗಾಡಿ ಹಾಗೆಯೇ ನಿಲ್ಲುತ್ತವೆ. ಹೇಳಬೇಕಾದ ಜಾಗ ಕೊನೆಯ ತಿರುವು. ಲಾರಿ ತಿರುಗಲು ಸಾಧ್ಯವಿರುವ ಕೊನೆಯ ಸರ್ಕಲ್ಲಿನಲ್ಲಿ, ರಾತ್ರಿಯೂ ಕಾಣುವಂತೆ, "ಮುಂದೆ ಸೇತುವೆ 3.6 ಮೀಟರ್, 11 ಅಡಿ 9 ಇಂಚು. ಲಾರಿಗಳು ಎಡಕ್ಕೆ" ಎಂದಿದ್ದರೆ ಆ ಮನುಷ್ಯ ಎಡಕ್ಕೆ ಹೋಗಿರುತ್ತಿದ್ದರು. ಅವರ ಫೋನಿನ ಮ್ಯಾಪು ನೇರ ಹೋಗು ಎಂದಿತ್ತು. ನಾವೆಲ್ಲ ಬಳಸುವ ಆ ಮ್ಯಾಪು ಕಾರಿನ ಲೆಕ್ಕದಲ್ಲಿ ದಾರಿ ಹೇಳುತ್ತದೆ, ಲಾರಿಯ ಎತ್ತರ ಅದಕ್ಕೆ ಗೊತ್ತಿಲ್ಲ. ಮ್ಯಾಪಿನ ಎದುರು ಮಾತಾಡಲು ಇರುವುದು ಬೋರ್ಡ್ ಒಂದೇ.

ಹಾಗೆಂದು ಬೋರ್ಡಿನ ಅಂಕಿ ಸರಿಯಿದೆ ಎಂದು ನಂಬುವುದು ಹೇಗೆ? ವರ್ಷ ವರ್ಷವೂ ಹಳೆಯ ಡಾಂಬರು ಕೆರೆಯದೆ ಮೇಲೆ ಹೊಸ ಡಾಂಬರು ಹಾಕಿದರೆ ರಸ್ತೆ ಮೇಲೇಳುತ್ತದೆ, ಸೇತುವೆ ಅಲ್ಲೇ ಇರುತ್ತದೆ, ಬೋರ್ಡ್ ಹಳೆಯ ಅಳತೆಯನ್ನೇ ಹೇಳುತ್ತದೆ. ಅಂಡರ್‌ಪಾಸಿನ ತಗ್ಗಿನಲ್ಲಿ ಉದ್ದದ ಟ್ರೇಲರ್ ಇಳಿದಾಗ ಮುಂದಿನ ಚಕ್ರ ಆಚೆ ಏರಿನ ಮೇಲೆ, ಹಿಂದಿನ ಚಕ್ರ ಈಚೆ ಇಳಿಜಾರಿನ ಮೇಲೆ ಇರುತ್ತದೆ, ನಡುವಿನ ಬೆನ್ನು ಸೇತುವೆಗೆ ಇನ್ನಷ್ಟು ಹತ್ತಿರವಾಗುತ್ತದೆ. ಲೋಡ್ ಇದ್ದಾಗ ಸ್ಪ್ರಿಂಗ್ ಕುಗ್ಗಿ ನುಸುಳಿ ಹೋದ ಲಾರಿ ಖಾಲಿಯಾಗಿ ವಾಪಸ್ ಬರುವಾಗ ಅದೇ ಸೇತುವೆಗೆ ತಾಗುತ್ತದೆ. ಇದನ್ನೆಲ್ಲ ಲೆಕ್ಕ ಹಿಡಿದೇ ಬ್ರಿಟನ್ನಿನಲ್ಲಿ ನಿಜವಾದ ಅಳತೆಗಿಂತ ಕನಿಷ್ಠ 3 ಇಂಚು ಕಡಿಮೆ ಬರೆಯುತ್ತಾರೆ.

ಸಿಕ್ಕಿಕೊಂಡರೆ ಟ್ರಾಫಿಕ್ ಜಾಮ್ ಅಷ್ಟೇ ತಾನೆ, ಇಷ್ಟು ದೊಡ್ಡ ಮಾತು ಯಾಕೆ ಅನ್ನಬೇಡಿ. ಮೆಲ್ಬರ್ನ್‌ನ ಮಾಂಟೇಗ್ ಸ್ಟ್ರೀಟ್ ಸೇತುವೆ 3 ಮೀಟರ್ ಎತ್ತರದ್ದು. 2016ರ ಫೆಬ್ರವರಿಯಲ್ಲಿ ಪ್ರಯಾಣಿಕರಿದ್ದ ಬಸ್ಸು ಅದಕ್ಕೆ ಬಡಿದು ಹಲವರಿಗೆ ತೀವ್ರ ಗಾಯವಾಯಿತು. ಡ್ರೈವರಿಗೆ 2018ರಲ್ಲಿ ಜೈಲು ಶಿಕ್ಷೆಯಾಗಿ, 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆ ತಗ್ಗಿಸಿ ಬಿಡುಗಡೆ ಮಾಡಿತು. ನಮ್ಮ ಬೆಂಗಳೂರಿನಲ್ಲೇ 2023ರ ಮೇ 21ರಂದು ಕೆ.ಆರ್. ಸರ್ಕಲ್ಲಿನ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಕಾರು ಮುಳುಗಿ 22 ವರ್ಷದ ಹೆಣ್ಣುಮಗಳು ತೀರಿಕೊಂಡರು. ಅದು ಎತ್ತರದ ಸಮಸ್ಯೆಯಲ್ಲ, ನೀರಿನದು. ಆದರೆ ಕೇಳುವ ಪ್ರಶ್ನೆ ಒಂದೇ. ಒಳಗೆ ಇಳಿಯುವ ಮುನ್ನ, ಇನ್ನೂ ತಿರುಗಲು ಜಾಗ ಇರುವಾಗ, ಈ ದಾರಿ ಬೇಡ ಎಂದು ಹೇಳುವವರು ಯಾರು?

ಇದನ್ನು ಕೇಳಹೋದರೆ ಸಿಗುವ ಉತ್ತರ ನಿಮಗೆ ಗೊತ್ತಿರುವುದೇ. ಸೇತುವೆ ಒಬ್ಬರದು, ರಸ್ತೆ ಇನ್ನೊಬ್ಬರದು, ಬೋರ್ಡ್ ಮತ್ತೊಬ್ಬರದು. ನಾನು ಫೋಟೋ ಸಮೇತ ಒಂದು ಕಚೇರಿಗೆ ಕನ್ನಡದಲ್ಲಿ ಪತ್ರ ಬರೆದೆ. ನಿಮ್ಮ ಪತ್ರ ಸಂಬಂಧಪಟ್ಟ ಇಲಾಖೆಗೆ ಕಳಿಸಿದ್ದೇವೆ ಎಂದು ಉತ್ತರ ಬಂತು, ಇಂಗ್ಲಿಷಿನಲ್ಲಿ. ಸಂಬಂಧಪಟ್ಟ ಇಲಾಖೆ ಇನ್ನೂ ಪತ್ತೆಯಾಗಿಲ್ಲ.

ಈಗ ಒಂದು ಸಂದರ್ಭ ಕೂಡಿ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ನಗರ ಪಾಲಿಕೆಗಳು ಬಂದಿವೆ. ಹೊಸ ಕಚೇರಿ, ಹೊಸ ಲೆಟರ್‌ಹೆಡ್, ಹೇಗಿದ್ದರೂ ಬೋರ್ಡುಗಳ ಮೇಲೆ ಹೆಸರು ಬದಲಿಸಬೇಕು. ಬದಲಿಸುವಾಗಲೇ ತಗ್ಗು ಸೇತುವೆಯ ಬೋರ್ಡುಗಳನ್ನೂ ತಿದ್ದಿ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಕಾಲ ಸಿಗದು. ಹುಬ್ಬಳ್ಳಿ, ಮಂಗಳೂರು, ಬೆಳಗಾವಿಯವರು ನಿಮ್ಮ ನಿಮ್ಮ ಪಾಲಿಕೆಗೆ ಬರೆಯಿರಿ.

ನಿಮ್ಮಿಂದ ಆಗಬೇಕಾದ್ದು ಇಷ್ಟು. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಮನೆಗೆ ಹತ್ತಿರದ ಕೆಳಸೇತುವೆಯ ಎರಡೂ ಬದಿಯ ಫೋಟೋ ತೆಗೆಯಿರಿ. ಬೋರ್ಡಿಗಿಂತ ಮುಖ್ಯವಾಗಿ, ಕೊನೆಯ ತಿರುವಿನಲ್ಲಿ ಬೋರ್ಡ್ ಇಲ್ಲದ ಜಾಗದ ಫೋಟೋ ತೆಗೆಯಿರಿ. ರಾತ್ರಿ ಒಂದು ಸಲ ತೆಗೆದರೆ ಇನ್ನೂ ಒಳ್ಳೆಯದು. ಮಾಹಿತಿ ಹಕ್ಕಿನಡಿ ಒಂದೇ ಒಂದು ಪ್ರಶ್ನೆ ಹಾಕಿ, ಈ ಸೇತುವೆಯ ಕೆಳಗಿನ ಎತ್ತರವನ್ನು ಕಡೆಯ ಸಲ ಅಳೆದದ್ದು ಯಾವ ತಾರೀಖು, ಆಮೇಲೆ ಎಷ್ಟು ಸಲ ಡಾಂಬರು ಹಾಕಿದ್ದೀರಿ ಎಂದು. ಈ ಹಕ್ಕು ಭಾರತದ ನಾಗರಿಕರಿಗೆ ಮಾತ್ರ, ಪಾಸ್‌ಪೋರ್ಟ್ ಬದಲಿಸಿಕೊಂಡವರು ತಮ್ಮನಿಂದಲೋ ಭಾವನಿಂದಲೋ ಹಾಕಿಸಿ. ಅರ್ಜಿ ಕನ್ನಡದಲ್ಲೇ ಇರಲಿ.

ನಾನು ಫೆಬ್ರವರಿಯಲ್ಲಿ ಹೋಗುತ್ತಿದ್ದೇನೆ. ಜೊತೆಗೆ ಬರುವವರಿದ್ದರೆ ತಿಳಿಸಿ, ಬೆಳಗಿನ ಜಾವ ಐದಕ್ಕೆ, ಗಾಡಿ ಕಡಿಮೆ ಇರುವಾಗ, ಒಬ್ಬರು ಟಾರ್ಚ್ ಹಿಡಿದು ಕಾವಲಿಗೆ ನಿಲ್ಲಬೇಕು. ಟೇಪು ಇಲ್ಲಿಂದ ಹೊರಬೇಕಿಲ್ಲ. ಒಂದು ಕಡೆ ಅಡಿ, ಇನ್ನೊಂದು ಕಡೆ ಮೀಟರ್ ಇರುವ ಟೇಪು ನಮ್ಮ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.